ಮಧ್ಯಾಹ್ನದ ನೆರಳಿಗೆ ಸಿಕ್ಕ ಹಸಿರು ಮುದ್ರೆ

ನೆರಳಿನ ಮರ ಉಳಿಸಿಕೊಂಡ ಕಾಫಿ ತೋಟಗಳಿಗೆ ಹಸಿರು ಮುದ್ರೆ ನೀಡುವ ಕಚೇರಿಯ ಮುಖ್ಯಸ್ಥರೇ,

ಮಾನ್ಯರೇ, ನನ್ನ ಮರಗಳಿಗೆ ಸಿಗಬೇಕಾದ ಮುದ್ರೆಯನ್ನು ನೀವು ನನ್ನ ವಾರಗಿತ್ತಿಗೆ ಕೊಟ್ಟಿದ್ದೀರಿ. ದೂರು ಇಷ್ಟೇ. ಇದು ಹೊಟ್ಟೆಕಿಚ್ಚಿನ ಪತ್ರ ಎಂದು ನಿಮ್ಮ ಸಿಬ್ಬಂದಿ ಹೇಳುವ ಮೊದಲೇ ಒಪ್ಪಿಬಿಡುತ್ತೇನೆ: ಹೌದು. ಆದರೆ ಹೊಟ್ಟೆಕಿಚ್ಚು ಪಟ್ಟ ಮಾತ್ರಕ್ಕೆ ಕಣ್ಣಾರೆ ಕಂಡದ್ದು ಸುಳ್ಳಾಗುತ್ತದೆಯೇ?

ಮಾವನವರು ತೋಟವನ್ನು ಇಬ್ಬರು ಮಕ್ಕಳಿಗೆ ಉದ್ದನೆಯ ಎರಡು ಪಟ್ಟಿಗಳಾಗಿ ಹಂಚಿದರು. ಪಶ್ಚಿಮದ್ದು ನಮಗೆ, ಪೂರ್ವದ್ದು ಮೈದುನನಿಗೆ. ನಡುವಿನ ಬೇಲಿಗೆ ತಾಗಿ, ನಮ್ಮ ಕಡೆ, ಹಳೆಯ ಮರಗಳ ಸಾಲಿದೆ. ಮೈದುನನ ಹೆಂಡತಿ ತನ್ನ ಪಾಲಿನ ಮರಗಳನ್ನೆಲ್ಲ ಕಡಿಸಿ ಮನೆಗೆ ಮಹಡಿ ಕಟ್ಟಿಸಿದಳು. ನೆರಳಿದ್ದರೆ ಹಣ್ಣು ನಿಧಾನವಾಗಿ ಮಾಗಿ ರುಚಿ ಕೂಡುತ್ತದೆ, ಮಣ್ಣಿನ ತೇವ ಉಳಿಯುತ್ತದೆ ಎಂದು ನಿಮ್ಮದೇ ತರಬೇತಿಯಲ್ಲಿ ಕೇಳಿ ನಂಬಿದವಳು ನಾನು. ಹಳೆಯ ಸಾಲನ್ನು ಉಳಿಸಿದೆ, ಉಳಿದೆಡೆ ಹೊಸ ಸಸಿ ನೆಟ್ಟೆ. ಅವು ಇನ್ನೂ ನನ್ನ ಸೊಂಟಕ್ಕೆ ಬರುತ್ತವೆ. ನಮ್ಮ ಮನೆಗೆ ಮಹಡಿ ಇಲ್ಲ.

ನಿಮ್ಮ ತಪಾಸಕರು ಬಂದದ್ದು ಊಟ ಮುಗಿಸಿಕೊಂಡು. ಸೂರ್ಯ ಪಶ್ಚಿಮಕ್ಕೆ ವಾಲಿದ್ದ. ಬೆಳಿಗ್ಗೆಯೆಲ್ಲ ನನ್ನ ಗಿಡಗಳ ಮೇಲಿದ್ದ ನೆರಳು ಆ ಹೊತ್ತಿಗೆ ಬೇಲಿ ದಾಟಿ ಅವಳ ಗಿಡಗಳ ಮೇಲೆ ಹಾಯಾಗಿ ಮಲಗಿತ್ತು.

"ಸಾರ್, ಆ ನೆರಳು ಕೊಡ್ತಿರೋ ಮರ ನಂದು" ಎಂದೆ.

"ಇರ್ಬಹುದಮ್ಮಾ. ಮರ ಯಾರ್ದು ಅಂತ ನಮಗ್ಯಾಕೆ? ಗಿಡದ ಮೇಲೆ ನೆರಳೆಷ್ಟು, ಅಷ್ಟೇ ನೋಡೋದು."

"ಹಾಗಾದ್ರೆ ಬೆಳಿಗ್ಗೆ ಬಂದು ನನ್ನ ಕಡೆ ನೋಡಿ."

"ಬೆಳಿಗ್ಗೆ ಆಫೀಸಲ್ಲಿ ಮೀಟಿಂಗಿರುತ್ತೆ."

ಮಾನ್ಯರೇ, ನಿಮ್ಮ ಮೀಟಿಂಗ್ ಮುಗಿಯುವವರೆಗೆ ಕಾಯಬೇಕೆಂದು ಸೂರ್ಯನಿಗೂ ಸುತ್ತೋಲೆ ಕಳಿಸಿದ್ದೀರಾ? ಮರ ಕಡಿದವಳಿಗೆ ಪರಿಸರ ಪ್ರೇಮದ ಪ್ರಮಾಣಪತ್ರ, ಬೆಳೆಸಿದವಳಿಗೆ 'ನೆರಳು ಸಾಲದು' ಎಂಬ ಷರಾ. ಸುಸ್ಥಿರತೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನಿಮ್ಮ ಕಚೇರಿಯಲ್ಲಿ ಸಿಗಲಿಲ್ಲವೇ?

ಈ ವರ್ಷದಿಂದ ಮುದ್ರೆಯಿಲ್ಲದ ಕಾಫಿಯನ್ನು ರಫ್ತು ಕಂಪನಿ ಮುಟ್ಟುವುದಿಲ್ಲ. ಪ್ರತಿ ವರ್ಷ ನನ್ನ ಗೇಟಿನಲ್ಲಿ ನಿಲ್ಲುತ್ತಿದ್ದ ಅವರ ಲಾರಿ ಈ ಸಲ ಹಾರ್ನ್ ಹಾಕಿ ಮುಂದೆ ಹೋಯಿತು. ವಾರಗಿತ್ತಿ ಮುದ್ರೆಯನ್ನು ದೊಡ್ಡ ಬೋರ್ಡಿಗೆ ಬರೆಸಿ, ಅದಕ್ಕೊಂದು ದೀಪ ಬೇರೆ ಹಾಕಿಸಿದ್ದಾಳೆ. ಬೆಳಕು ನೇರ ನನ್ನ ಅಡುಗೆಮನೆಗೆ ಬೀಳುತ್ತದೆ. ಮೊನ್ನೆ ಬೇಲಿಯಾಚೆಯಿಂದ ಅವಳೇ ಕೂಗಿದಳು: "ಅಕ್ಕಾ, ನಿಮ್ಮ ಮರ ಎಲೆ ಉದುರಿಸ್ತಾ ಇದೆ, ಸ್ವಲ್ಪ ಗೊಬ್ಬರ ಹಾಕಿ. ಮುಂದಿನ್ಸಲದ ತಪಾಸಣೆಗೆ ನಂಗೆ ತೊಂದ್ರೆ ಆಗ್ಬಾರ್ದು ನೋಡಿ!"

ಅವತ್ತೇ ನನ್ನ ಯಜಮಾನರು ಮರದ ವ್ಯಾಪಾರಿಯನ್ನು ಕರೆಸಿದರು. "ನೆರಳೂ ಅವಳಿಗೆ, ಲಾರೀನೂ ಅವಳಿಗೆ. ಅವಳಿಗೋಸ್ಕರ ಮರ ಸಾಕೋಕೆ ನಾವೇನು ಅವಳ ಮನೆ ಕೂಲಿಯವ್ರಾ?" ಎಂದರು. ವ್ಯಾಪಾರಿ ಟೇಪು ಹಿಡಿದು ಸುತ್ತಳತೆ ತೆಗೆದು ಹೋಗಿದ್ದಾನೆ. ನಾನು ಹೂಂ ಅನ್ನುವುದೊಂದೇ ಬಾಕಿ.

ನಿಜ ಹೇಳುತ್ತೇನೆ. ಮರ ಉರುಳಿದರೆ ನನ್ನ ಗಿಡಗಳೂ ಬಿಸಿಲಲ್ಲಿ ಒಣಗುತ್ತವೆ. ಆದರೂ ಅವಳ ಬೋರ್ಡು ಕೆಳಗಿಳಿಯುವುದನ್ನು ನೆನೆದಾಗೆಲ್ಲ ಬಾಯಲ್ಲಿ ನೀರೂರುತ್ತದೆ. ಆ ಸುಖದಿಂದ ನನ್ನನ್ನು ಪಾರು ಮಾಡುವುದು ನಿಮ್ಮ ಕೈಯಲ್ಲಿದೆ. ಒಂದೇ ಒಂದು ಮೀಟಿಂಗ್ ಬಿಟ್ಟು, ಬಿಸಿಲೇರುವ ಮೊದಲು ಬನ್ನಿ. ನೆರಳನ್ನಲ್ಲ, ಮರದ ಬುಡ ಎಲ್ಲಿದೆ ಎಂಬುದನ್ನು ನೋಡಿ ಮುದ್ರೆ ಕೊಡಿ. ವ್ಯಾಪಾರಿ ಬೆಳಿಗ್ಗೆ ಬೇಗ ಏಳುವ ಮನುಷ್ಯ. ಅವನಿಗಿಂತ ಮೊದಲು ಬನ್ನಿ.

ಇಂತಿ,
ನಿಮ್ಮ ಊಟದ ಹೊತ್ತಿನವರೆಗೆ ಮಾತ್ರ ನೆರಳುಳ್ಳ ಬೆಳೆಗಾರ್ತಿ