ದೇವರ ಗೂಡಿನ ಜೇನು

ಅಮ್ಮಾ, ನೀನು ತೀರ್ಕೊಂಡ್ಮೇಲೆ ನಿನ್ನ ನಂಬರ್ ಬೇರೆ ಯಾರಿಗೋ ಹೋಗಿದೆ. ಅದಕ್ಕೆ ಇದನ್ನ ಕಳಿಸಲ್ಲ, ಸುಮ್ನೆ ರೆಕಾರ್ಡ್ ಮಾಡ್ತಿದೀನಿ.

ನಿಂಗಿದ್ದ ಕಿಡ್ನಿ ಕಾಯಿಲೆ ನಂಗೂ ಬಂದಿದೆ. ಹಿಮ್ಮಡೀಲಿ, ನಿಂಗಾಗಿದ್ದ ಜಾಗದಲ್ಲೇ, ಒಂದು ಗಾಯ. ಒಂದೂವರೆ ತಿಂಗಳಾದ್ರೂ ಮಾಯ್ತಿಲ್ಲ. ಇವತ್ತು ಜಯನಗರದ ಕ್ಲಿನಿಕ್ಕಲ್ಲಿ ಸಿಸ್ಟರ್ ಒಂದು ಟ್ಯೂಬ್ ಹಿಂಡಿದ್ರು. ವಾಸನೆ ಬಂದಿದ್ದೇ ತಡ, ಕಾಲು ಎಳ್ಕೊಂಡ್ಬಿಟ್ಟೆ.

“ಜೇನು ಸಾರ್, ಮಚ್ಚಲ್ಲ!” ಅಂತ ನಕ್ರು.

“ಜೇನು ಬೇಡ ಮೇಡಂ.”

“ಗಾಯಕ್ಕೇ ಅಂತ ಶುದ್ಧಿ ಮಾಡಿರೋದು, ಡಾಕ್ಟ್ರೇ ಬರ್ದಿದಾರೆ. ಮನೇಲಿರೋದನ್ನ ಮಾತ್ರ ಹಚ್ಬೇಡಿ. ಅದ್ರಲ್ಲಿ ಕ್ರಿಮಿ ಇದ್ರೆ ನಿಮ್ಮಂಥೋರಿಗೆ ಕಷ್ಟ.”

ಪಂಚಾಮೃತಕ್ಕೆ ಅಂತ ದೇವರ ಗೂಡಲ್ಲಿಟ್ಟಿದ್ವಲ್ಲ, ಆ ಬಾಟ್ಲಿ ಕಣ್ಮುಂದೆ ಬಂತಮ್ಮ. ನೀನು “ಡಾಕ್ಟ್ರನ್ನ ಒಂದು ಮಾತು ಕೇಳೋ” ಅಂದಿದ್ದೆ. “ದೇವರ ಜೇನಿಗೆ ಡಾಕ್ಟ್ರು ಯಾಕಮ್ಮಾ?” ಅಂದಿದ್ದೆ ನಾನು. ಆರು ದಿನ ನನ್ನ ಕೈಯಾರೆ ನಿನ್ನ ಗಾಯಕ್ಕೆ ಹಚ್ಚಿದೆ. ಏಳನೇ ದಿನ ನಿಂಗೆ ಚಳಿಜ್ವರ ಬಂತು. ಆಮೇಲೆ ನೀನು ಏಳ್ಲೇ ಇಲ್ಲ.

ಕೊನೆಗೆ ಕಾಲು ಚಾಚಿದೆ, ಸಿಸ್ಟರ್ ಹಚ್ಚಿದ್ರು. ಶುಕ್ರವಾರ ಪಟ್ಟಿ ಬಿಚ್ಚಿ ನೋಡ್ತಾರಂತೆ.

ಪಟ್ಟಿ ಕಟ್ತಾ ಸಿಸ್ಟರ್ ಕೇಳಿದ್ರು, “ಮನೆ ಜೇನು ಏನಾದ್ರೂ ಹಚ್ಚಿದ್ರಾ ಸಾರ್?”

“ಈ ಕಾಲಿಗಿಲ್ಲ” ಅಂದೆ.