ಲವಂಗದೆಣ್ಣೆಯ ಅಳತೆ

ಮಾರ್ಚ್ 4, ಬೆಳಿಗ್ಗೆ
ಲ್ಯಾಬಿನಲ್ಲಿ ಹನ್ನೆರಡನೇ ಪ್ಲೇಟ್. ಲವಂಗದೆಣ್ಣೆ ಹಾಕಿದ ಮೆಕ್ಕೆಜೋಳ. ಬೂಷ್ಟು ಇದೆ, ಬೂಷ್ಟಿನ ವಿಷ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಮೂರು ಸಲ ಅಳೆದೆ. ಗೈಡ್ ಮೇಡಂ ಬೆನ್ನು ತಟ್ಟಿದರು. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಮಾರ್ಚ್ 6, ಭಾನುವಾರ
ಅಕ್ಕನ ಮನೆಯಲ್ಲಿ ಊಟ. ಭಾವ ಕೆಣಕಿದರು. "ಇಷ್ಟು ವರ್ಷ ಓದಿ ಬೂಷ್ಟು ಸಾಕ್ತಿದೀಯಲ್ಲೋ!" ಕೋಳಿ ಸಾಕುವವರ ಬಾಯಲ್ಲಿ ಈ ಮಾತು! ಜಂಬ ನೆತ್ತಿಗೇರಿತು. "ಲವಂಗ ಇದ್ದ ಕಡೆ ಬೂಷ್ಟಿನ ವಿಷ ಇರಲ್ಲ ಭಾವ" ಅಂದುಬಿಟ್ಟೆ. ಬಡಿಸುತ್ತಿದ್ದ ಅಕ್ಕ ಅಳತೆ ಕೇಳಿದಳು. ಹೇಳಿದೆ. ಯಾಕೆ ಅಂತ ನಾನು ಕೇಳಲಿಲ್ಲ.

ಮಾರ್ಚ್ 19
ಅಕ್ಕನ ಫೋನ್. ನಲವತ್ತು ಕೋಳಿಮರಿ ಸತ್ತಿವೆ. ಶೆಡ್ಡಿನಲ್ಲಿ ಒಂದು ಮೂಟೆ ಜೋಳ ನೆನೆದು ಬೂಷ್ಟು ಹಿಡಿದಿತ್ತಂತೆ. ಎಸೆಯುವವಳಿದ್ದಳಂತೆ. ನನ್ನ ಮಾತು ನೆನಪಾಗಿ ಎಣ್ಣೆ ಕಲಸಿ ಹಾಕಿದಳಂತೆ.

ಎಣ್ಣೆ ಬೂಷ್ಟು ವಿಷ ಮಾಡದಂತೆ ತಡೆಯುತ್ತದೆ, ಅಷ್ಟೇ. ಆಗಲೇ ಮಾಡಿಟ್ಟ ವಿಷಕ್ಕೆ ಅದರಿಂದ ಏನೂ ಆಗಲ್ಲ. ಲ್ಯಾಬಿನಲ್ಲಿ ನಾವು ಎಣ್ಣೆ ಮೊದಲು ಹಾಕುತ್ತೇವೆ, ಬೂಷ್ಟು ಆಮೇಲೆ ಬಿಡುತ್ತೇವೆ. ದಿನಾ ಹಾಗೇ ಮಾಡಿ ಮಾಡಿ, ಅದನ್ನೂ ಬಾಯಿ ಬಿಟ್ಟು ಹೇಳಬೇಕು ಅಂತ ಹೊಳೆಯಲೇ ಇಲ್ಲ.

"ನಾನೇ ಅಳತೆ ತಪ್ಪಿದ್ನೇನೋ ಕಣೋ" ಅಂದಳು.
"ಇರಬಹುದು ಅಕ್ಕ" ಅಂದೆ.
ಥೂ.

ಮಾರ್ಚ್ 27
ಹೋಗಿದ್ದೆ. ಅರ್ಧ ಶೆಡ್ ಖಾಲಿ. ಭಾವ ಅಕ್ಕನನ್ನೇ ಬೈಯುತ್ತಿದ್ದರು. "ಓದಿದೋನು ಬಿಡಿಸಿ ಹೇಳಿದಾನೆ. ನೀನು ಕೈ ಅಂದಾಜಿಗೆ ಸುರಿದೆ!" ಅಕ್ಕ ತಲೆ ತಗ್ಗಿಸಿದಳು. ನಾನು... ಬಾಯಿಗೆ ಬೀಗ ಹಾಕಿಕೊಂಡು ಕಾಫಿ ಕುಡಿದೆ. ನನಗೆ ಇಷ್ಟ ಅಂತ ಸಕ್ಕರೆ ಜಾಸ್ತಿ ಹಾಕಿದ್ದಳು. ನಾಚಿಕೆಯಿಂದ ಸಾಯುವ ಹಾಗಾಯಿತು.

ಮಾರ್ಚ್ 29, ಮಧ್ಯಾಹ್ನ 3
ಲ್ಯಾಬಿನ ಗೇಟಿನಿಂದ ಅಕ್ಕನ ಫೋನ್. ಎಣ್ಣೆ ಅಳೆಯುವ ಲೋಟ ತಂದಿದ್ದಾಳಂತೆ. "ಸರಿಯಾಗಿ ತೋರಿಸ್ಕೊಡು. ಪಕ್ಕದ ಶೆಡ್ಡಿನವಳ ಜೋಳಕ್ಕೂ ಬೂಷ್ಟು ಬಂದಿದೆ. ನಾಳೆ ಎಣ್ಣೆ ಕಲಸಿ ಹಾಕ್ತಾಳಂತೆ, ನಾನೇ ಹೇಳಿದೀನಿ."

ಇವತ್ತು ಹೇಳಲೇಬೇಕು. ತೊದಲಬಾರದು, ಅದಕ್ಕೇ ಬರೆದುಕೊಳ್ಳುತ್ತಿದ್ದೇನೆ. ಅಕ್ಕ, ಆ ಜೋಳ ಎಸೆಯೋಕೆ ಹೇಳು. ನಿನ್ನ ಅಳತೆ ಸರಿಯಾಗೇ ಇತ್ತು. ನೀನು ಫೋನ್ ಮಾಡಿದಾಗಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು —

ಬಾಗಿಲ ಹೊರಗೆ ಅವಳ ದನಿ. ಮೇಡಂಗೆ ಹೇಳುತ್ತಿದ್ದಾಳೆ: "ತಪ್ಪು ನಂದೇ ಮೇಡಂ. ನನ್ನ ತಮ್ಮ ಸರಿಯಾಗೇ ಹೇಳಿದ್ದ..."