ಎರಡು ಆಳು ನೀರಿಗೆ ಎರಡು ಆಳು ಹಗ್ಗ

ಬ್ರೂಸ್‌ಪೇಟೆ, ಬಳ್ಳಾರಿ
9 ಡಿಸೆಂಬರ್ 2024

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಪಾರಮ್ಮತ್ತೆಯ ಕಣ್ಣಿಗೆ ಹನಿ ಹಾಕುವವಳು ನೀನೋ, ಇಲ್ಲ ಅವಳೇ ಹಾಕಿಕೊಂಡು ಅರ್ಧ ಸೀಸೆಯನ್ನು ಕೆನ್ನೆಗೆ ಕುಡಿಸುತ್ತಿದ್ದಾಳೋ? ಆಪರೇಷನ್ ಆದ ಕಣ್ಣು, ಒಂದು ತಿಂಗಳಾದರೂ ಒಲೆಯ ಮುಂದೆ ಕೂರಬೇಡ ಎಂದು ಹೇಳು. ನಾನು ಚೆನ್ನಾಗಿದ್ದೇನೆ. ಮುಕ್ಕಾಲು ಗಂಟೆಯ ಬಸ್ಸಿನ ದಾರಿಗೆ ಅಂಚೆಚೀಟಿ ಹಚ್ಚುತ್ತಿರುವುದಕ್ಕೆ ನಗು ಬರುತ್ತದೆ. ಆದರೆ ನೀನೇ ಅಲ್ಲವೇ ಹೇಳಿದ್ದು, "ಎದುರಿಗಿ ಕುಂತ್ರ ಮಾರಿ ಸೊಟ್ಟ ಮಾಡ್ತಿ, ಫೋನಿನಾಗ ನಗ್ತಿ. ಬರದು ಕಳಸು. ಬರಿಯಾಗ ಮಾತ್ರ ನೀನು ಸ್ವಲ್ಪ ಖರೇ ಹೇಳ್ತಿ" ಎಂದು. ಭಾವನ ಜೊತೆ ಎರಡು ದಿನ ಇದ್ದು ಬಾ, ಮನುಷ್ಯ ಬದಲಾಗಿದ್ದಾರೋ ಇಲ್ಲವೋ ನೋಡು, ಅದರ ಮೇಲೆ ಸಿರುಗುಪ್ಪಕ್ಕೆ ಮರಳುವುದೋ ಕುರುಗೋಡಿನಲ್ಲೇ ಉಳಿಯುವುದೋ ನಿರ್ಧರಿಸುತ್ತೇನೆ ಎಂದು ನೀನೇ ಹೇಳಿದ್ದೆ. ಹೋಗಿ ಬಂದೆ. ಇದು ವರದಿ.

ಮೊದಲು ಸಿರುಗುಪ್ಪದ ಮನೆಯ ಸುದ್ದಿ. ಏಳು ತಿಂಗಳ ಹಿಂದೆ ನೀನು ಹತ್ತು ದಿನ ಕುರುಗೋಡಿನಲ್ಲಿದ್ದಾಗ, ಯಾರೋ ವಾಸ್ತು ಹೇಳುವವನ ಮಾತು ಕೇಳಿ ಭಾವ ಪೂರ್ವದ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿಸಿ ಉತ್ತರಕ್ಕೆ ಬಾಗಿಲು ತೆಗೆಸಿದರಲ್ಲ, ನೀನು ಚೀಲ ಹಿಡಿದುಕೊಂಡು ಬಂದು ನಿನ್ನದೇ ಮನೆಯ ಗೋಡೆಯ ಮುಂದೆ ನಿಂತು, ಒಳಗೆ ಕಾಲಿಡದೆ ಮುಂದಿನ ಬಸ್ಸಿಗೆ ವಾಪಸಾದೆಯಲ್ಲ, ಆ ಗೋಡೆಯನ್ನು ಈಗ ಒಡೆಸಿದ್ದಾರೆ. ಹಳೆಯ ಬಾಗಿಲು ಮತ್ತೆ ಅಲ್ಲಿಯೇ ಬಂದಿದೆ. ಹೊಸದನ್ನು ಮುಚ್ಚಿಸಿಲ್ಲ. ಹೀಗಾಗಿ ಮನೆಗೆ ಈಗ ಎರಡು ಬಾಗಿಲು. ಬೀದಿನಾಯಿ ಒಂದರಿಂದ ಬಂದು ನಡುಮನೆಯನ್ನು ನೋಡಿಕೊಂಡು ಇನ್ನೊಂದರಿಂದ ಹೋಗುತ್ತದೆ. ಇದನ್ನು ಪಶ್ಚಾತ್ತಾಪ ಎಂದು ಕರೆಯಬೇಕಾದರೆ ಕರೆದುಕೋ. ನನಗೆ ಕಂಡದ್ದು ಮೇಸ್ತ್ರಿಗೆ ಸಿಕ್ಕ ಎರಡನೆಯ ಕೆಲಸ ಮಾತ್ರ.

ಇನ್ನು ದೋಣಿ. ಕಾರವಾರದ ಕಡೆ ಯಾರೋ ಮಾರುತ್ತಿದ್ದ ಹಳೆಯ ಹಾಯಿದೋಣಿಯನ್ನು ಭಾವ ಕೊಂಡಿದ್ದಾರೆ, ಎರಡು ದಿನ ಅದರಲ್ಲೇ ಇರೋಣ ಎಂದು ನನ್ನನ್ನು ಅಲ್ಲಿಗೆ ಕರೆದೊಯ್ದರು. ನಡುವೆ ಮೂವರು ಮುದುಡಿ ಮಲಗುವಷ್ಟು ಒಂದು ಗೂಡು. ಬದಿಗೆ ಹಸಿರು ಬಣ್ಣದಲ್ಲಿ 'ಸುವರ್ಣ' ಎಂದು ಬರೆಸಿದ್ದಾರೆ. ನಿನ್ನ ಹೆಸರಿಡಲು ನಿನ್ನನ್ನು ಕೇಳಿದ್ದರಾ? ಇಲ್ಲವೆಂದೇ ನಾನೂ ಅಂದುಕೊಂಡೆ. "ನಿಮ್ಮಕ್ಕ ಮದಿವ್ಯಾದ ವರ್ಷ ಸಮುದ್ರ ನೋಡಬೇಕು ಅಂದಿದ್ಲು, ಮಿಲ್ಲಿನ ಕೆಲಸದಾಗ ಆಗಲಿಲ್ಲ" ಎಂದರು. ಇಪ್ಪತ್ತೊಂಬತ್ತು ವರ್ಷದ ಹಿಂದೆ ಕೇಳಿದ್ದಕ್ಕೆ ಈಗ ದೋಣಿ. ಭತ್ತದ ಮಿಲ್ಲಿನ ಮಾಲೀಕ ತಿಪ್ಪೇಸ್ವಾಮಿಯವರ ಕಿವಿಯಿಂದ ತಲೆಗೆ ಮಾತು ಮುಟ್ಟಲು ಅಷ್ಟು ಕಾಲ ಬೇಕು ಎಂದು ಬರೆದುಕೊಂಡೆ. ನಿಜವಾಗಿಯೂ ಬರೆದುಕೊಂಡೆ. ಜೇಬಿನಲ್ಲಿ ಸಣ್ಣ ಪುಸ್ತಕ ಇಟ್ಟುಕೊಂಡಿದ್ದೆ.

ಜೊತೆಗೆ ದುರುಗಣ್ಣ. ತೆಕ್ಕಲಕೋಟೆಯ ಕಡೆಯವನು, ಹಿಂದೆ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದು ಈಗ ಮಿಲ್ಲಿನ ಕಾವಲಿಗಿರುವ ನಮ್ಮ ದುರುಗಣ್ಣ. ಅವನನ್ನು ಸಮುದ್ರದ ಪಂಡಿತ ಎಂದು ಕರೆತಂದಿದ್ದರು. "ನೀರು ಯಾವುದಾದ್ರೇನು, ನೀರು ನೀರೇ ಅಲ್ಲೇನಲೇ?" ಎಂದರು ಭಾವ. ದುರುಗಣ್ಣ ಒಂದು ಬೊಗಸೆ ಬಾಯಿಗೆ ಹಾಕಿ ಉಗುಳಿ, "ಇದು ಉಪ್ಪೈತ್ರಿ ಸಾವ್ಕಾರ್ರ" ಎಂದ. ಆ ಎರಡು ದಿನಗಳಲ್ಲಿ ಯಾರಾದರೂ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ.

ಹಾಯಿ ನಡೆಸಿದವನು ಅಲ್ಲಿನ ಒಬ್ಬ ಮುದುಕ. ಸಂಜೆಗೆ ನಮ್ಮನ್ನು ಒಂದು ಕೊಲ್ಲಿಯೊಳಗೆ ತಂದ. ಮೂರು ಕಡೆ ಗುಡ್ಡ, ಗಾಳಿ ಇಲ್ಲ, ನೀರು ನಮ್ಮೂರಿನ ನಾಟಿಗೆ ಸಿದ್ಧವಾದ ಗದ್ದೆಯಂತೆ ಸುಮ್ಮನೆ ನಿಂತಿತ್ತು. ರಾತ್ರಿ ಅಲ್ಲಿಯೇ ತಂಗುವುದೆಂದು ತೀರ್ಮಾನ. ಲಂಗರು ಹಾಕಲು ಮುದುಕ ಎದ್ದರೆ ಭಾವ ಅವನ ಭುಜ ಹಿಡಿದು ಕೂರಿಸಿದರು. "ನಾವು ಲಾರಿಗೆ ಹಗ್ಗ ಬಿಗಿಯೋ ಮಂದಿ, ಇದೇನು ದೊಡ್ಡ ವಿದ್ಯಾ?" ದುರುಗಣ್ಣ ಉದ್ದನೆಯ ಬಿದಿರುಗಳವನ್ನು ಇಳಿಸಿ ಅಳೆದ: ಎರಡು ಆಳು ನೀರು. ಭಾವ ಎರಡು ಆಳಿಗೆ ಸರಿಯಾಗಿ ಹಗ್ಗ ಬಿಟ್ಟು ಗಂಟು ಬಿಗಿದರು. ಬಾವಿಗೆ ಕೊಡ ಇಳಿಸುವವರ ಲೆಕ್ಕ. ಹಗ್ಗ ತಂತಿಯ ಹಾಗೆ ನೆಟ್ಟಗೆ ನಿಂತಿತು. ಉಳಿದ ಹಗ್ಗವನ್ನು ಅಚ್ಚುಕಟ್ಟಾಗಿ ಸುತ್ತಿ ಗೂಟಕ್ಕೆ ನೇತುಹಾಕಿ ನನ್ನ ಕಡೆ ನೋಡಿ, "ಏನ್ರಿ ಲೆಕ್ಚರರ್ ಸಾಹೇಬ್ರ, ನಿಮ್ಮ ಪುಸ್ತಕದಾಗ ಬರ್ಕೋರಿ" ಎಂದರು. ಮುದುಕನಿಗೆ ಮನೆಗೆ ಹೋಗು ಎಂದರು. ಅವನು ಹಿಂದೆ ಕಟ್ಟಿಕೊಂಡು ತಂದಿದ್ದ ತನ್ನ ಪುಟ್ಟ ದೋಣಿಗೆ ಇಳಿಯುವಾಗ ನನ್ನ ಹತ್ತಿರ ಏನೋ ಒಂದೆರಡು ಮಾತು ಆಡಿದ. ನಾನು ತಲೆಯಾಡಿಸಿದೆ.

ರಾತ್ರಿ ನಾನು ಮಲಗಿದೆ, ದುರುಗಣ್ಣ ಗೊರಕೆ ಹೊಡೆದ. ಭಾವ ಮಲಗಲಿಲ್ಲ. ಕಾಲುವೆಯ ನೀರಿನ ಪಾಳಿ ಕಾಯುವಂತೆ ಬ್ಯಾಟರಿ ಹಿಡಿದು ಹೊರಗೆ ಕೂತಿದ್ದರು. ಎಷ್ಟು ಹೊತ್ತೋ, ಅವರ ಕೂಗಿಗೆ ಎಚ್ಚರವಾಯಿತು. ಎದುರಿನ ಬಂಡೆಯ ಮೇಲೆ ಸಂಜೆ ಕಂಡಿದ್ದ ಬಿಳಿ ಗೆರೆ ಮುಳುಗಿಹೋಗಿತ್ತು. ಸೊಂಟಮಟ್ಟದಷ್ಟು ನೀರು ಏರಿತ್ತು. "ಏ ದುರುಗ, ಏಳಲೇ! ನೀರು ಯಾರು ಬಿಟ್ರು ನೋಡು! ಎಲ್ಲೋ ಗೇಟ್ ಎತ್ಯಾರ!" ದುರುಗಣ್ಣ ನಿದ್ದೆಗಣ್ಣಿನಲ್ಲಿ, "ಇಲ್ಲಿ ಯಾವ ಗೇಟ್ ಐತ್ರಿ, ಯಾರಿಗಿ ಫೋನ್ ಹಚ್ಚಲಿ?" ಎಂದ. ಅಕ್ಕಾ, ಅರವತ್ತು ವರ್ಷದ ಮನುಷ್ಯ ಅರಬ್ಬೀ ಸಮುದ್ರದ ಗೇಟ್ ಎತ್ತಿದವನನ್ನು ಬೈಯುತ್ತಿದ್ದರು. ನಾನು ಗೂಡಿನೊಳಗೆ ಕತ್ತಲಲ್ಲಿ ಬಾಯಿಗೆ ಹೊದಿಕೆ ತುಂಬಿಕೊಂಡು ನಕ್ಕೆ. ಈ ಮದುವೆ ಯಾಕೆ ಮುರಿಯಿತು ಎಂದು ಯಾರಾದರೂ ಕೇಳಿದರೆ ಇದೊಂದನ್ನು ಹೇಳಿದರೆ ಸಾಕು ಎನಿಸಿತು.

ಆಮೇಲೆ ನಡೆದದ್ದು ಚಿಕ್ಕದು. ಏರಿದ ನೀರು ದೋಣಿಯನ್ನು ಎತ್ತಿತು, ಸಡಿಲವೇ ಇಲ್ಲದ ಹಗ್ಗ ಲಂಗರನ್ನು ಕಿತ್ತಿತು, ದೋಣಿ ನಿಧಾನವಾಗಿ ಬಂಡೆಗಳ ಕಡೆ ತೇಲಿತು. ದುರುಗಣ್ಣ ಗಳ ಊರಿ ತಳ್ಳಿದ. ಭಾವ, ಲಾರಿ ಹಿಂದಕ್ಕೆ ಬರುವಾಗ ಹಮಾಲರು ಕೈಯೊಡ್ಡಿ ನಿಲ್ಲಿಸುವಂತೆ, ಬಂಡೆಗೂ ದೋಣಿಗೂ ನಡುವೆ ಕೈಯೊಡ್ಡಿದರು. ದೋಣಿ ಉಳಿಯಿತು, ಹಸಿರು ಅಕ್ಷರಗಳು ಮಾತ್ರ ಕೆರೆದುಹೋದವು. ಬೆಳಗಾದ ಮೇಲೆ ಮುದುಕ ಬಂದು ಹಗ್ಗವನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

ಇಷ್ಟೇ ನನ್ನ ವರದಿ. ನೀನು ಕೇಳಿದ ಪ್ರಶ್ನೆಗೆ ಉತ್ತರ: ನಾನು ನೋಡಿದ ಮನುಷ್ಯ ಅದೇ ಮನುಷ್ಯ. ಯಾರನ್ನೂ ಕೇಳುವುದಿಲ್ಲ.

ಪಾರಮ್ಮತ್ತೆಗೆ ನನ್ನ ನಮಸ್ಕಾರ. ಮಂಡಿಗೆ ಎಣ್ಣೆ ಹಚ್ಚಿಕೋ, ಮೆಟ್ಟಿಲು ಹತ್ತಬೇಡ. ನಿನಗೆ ಒಳ್ಳೆಯದಾಗಲಿ.

ನಿನ್ನ ತಮ್ಮ,
ಉಜ್ಜಿನಪ್ಪ

ತಾ.ಕ.: ಕವರು ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಭಾವನ ಬಲಗೈಯ ಮೂರು ಬೆರಳು ಜಜ್ಜಿಹೋಗಿವೆ. ಬಳ್ಳಾರಿಯಲ್ಲೇ ಆಪರೇಷನ್ ಆಯಿತು, ಆರು ದಿನದಿಂದ ನನ್ನ ಮನೆಯಲ್ಲಿದ್ದಾರೆ, ಈಗ ಪಕ್ಕದ ಕೋಣೆಯಲ್ಲಿ ಮಲಗಿದ್ದಾರೆ. ಬರೆಯಬೇಡ ಎಂದಿದ್ದರು. "ಕೈ ನೋಡಾಕ ಬಂದ್ಲು ಅಂತ ಆಗಬಾರ್ದು. ಬಂದ್ರ ಸುಮ್ನ ಬರ್ಲಿ." ಬರುವಾಗ ಕಾರಿನಲ್ಲಿ ಕೈಯನ್ನು ಟವೆಲಿನಲ್ಲಿ ಸುತ್ತಿಕೊಂಡು, "ತಪ್ಪು ನಂದೇ ನೋಡಪಾ. ಯಾರನ್ನಾರ ಒಂದು ಮಾತು ಕೇಳಬೇಕಿತ್ತು" ಎಂದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಈ ಮಾತನ್ನು ನೀನು ಕೇಳಿದ್ದೀಯಾ? ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಆ ಸಂಜೆ ಮುದುಕ ನನಗೆ ಹೇಳಿದ್ದು ಇದು: "ರಾತ್ರಿ ನೀರು ಏರ್ತದೆ, ಹಗ್ಗ ಸಾಲೂದಿಲ್ಲ, ಇದ್ದಷ್ಟೂ ಬಿಡಲಿಕ್ಕೆ ಅವರಿಗೆ ಹೇಳಿ." ನಾನು ತಲೆಯಾಡಿಸಿದೆ, ಹೇಳಲಿಲ್ಲ. ಏನಾಗುತ್ತದೋ ನೋಡಿ ನಿನಗೆ ಬರೆಯಬೇಕೆಂದಿತ್ತು. ಅವರಿಗೆ ಇದು ಇನ್ನೂ ಗೊತ್ತಿಲ್ಲ. ಇವತ್ತು ಇಡ್ಲಿ ಮುರಿದು ಅವರ ಬಾಯಿಗಿಡುವಾಗ ಹೇಳಬೇಕೆಂದುಕೊಂಡೆ, "ನಿನಗ ಕಾಲೇಜಿಗಿ ತಡಾ ಆಗಂಗಿಲ್ಲೇನು?" ಎಂದು ಕೇಳಿದರು, ನಾನು ಇನ್ನೊಂದು ತುಂಡು ಮುರಿದೆ. ಆದ್ದರಿಂದ ಮೇಲಿನ ವರದಿಯನ್ನು ನಂಬಬೇಡ. ನೀನೇ ಬಂದು ನೋಡು. ಈ ಮನೆಗೆ ಬಾಗಿಲು ಒಂದೇ, ಇದ್ದಲ್ಲೇ ಇದೆ.